ಪಂಪಿಂಗ್ ಸ್ಟೇಷನ್, ಬೀಮ್ ಎಂಜಿನ್: ಕ್ಯೂ ಬ್ರಿಡ್ಜ್ ಲೇಖನಕ್ಕೆ ಬೇಕಾದ ಪದಗಳು

ಮಾನ್ಯರೇ,

ಲಂಡನ್ನಿನ ಕ್ಯೂ ಬ್ರಿಡ್ಜ್ ಎಂಬಲ್ಲಿನ ಹಳೆಯ ಪಂಪಿಂಗ್ ಸ್ಟೇಷನ್ ಕುರಿತ ಲೇಖನದ ಅನುವಾದಕ್ಕೆ ಎರಡು ಕನ್ನಡ ಪದಗಳನ್ನು ತಾವು ಕೇಳಿದ್ದೀರಿ. ಅನುವಾದ ನಾಳೆಯೇ ಅಚ್ಚಿಗೆ ಹೋಗಬೇಕೆಂದು ತಾವು ಬರೆದಿರುವುದರಿಂದ ಪದಗಳನ್ನು ಮೊದಲೇ ಹೇಳಿಬಿಡುತ್ತೇನೆ: ಪಂಪಿಂಗ್ ಸ್ಟೇಷನ್‌ಗೆ ‘ನೀರೆತ್ತುವ ಸ್ಥಾವರ’, ಬೀಮ್ ಎಂಜಿನ್‌ಗೆ ‘ಏತದ ಎಂಜಿನ್’. (ಬೀಮ್ ಎಂಜಿನ್ ಎಂದರೆ ಉದ್ದನೆಯ ದಂಡವೊಂದು ಮೇಲೆ ಕೆಳಗೆ ತೂಗುವ ಹಬೆಯಂತ್ರ; ಏತವೆಂದರೆ ಬಾವಿಯಿಂದ ನೀರೆತ್ತುವ ತೂಗುಮರ.) ಪಂಪಿಂಗ್ ಸ್ಟೇಷನ್ನಿಗೆ ‘ಜಲರೇಚಕ ಯಂತ್ರಾಗಾರ’ ಎಂಬುದು ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ, ನಿಜ. ಆದರೆ ರೇಚಿಸುವುದೆಂದರೆ ಬರಿದುಮಾಡುವುದು, ಹೊರಹಾಕುವುದು. ಊರಿಗೆ ಕುಡಿಯುವ ನೀರು ಒದಗಿಸಿದ ಕಟ್ಟಡಕ್ಕೆ ಆ ಹೆಸರು ಒಪ್ಪದು.

ಬೀಮ್ ಎಂಜಿನ್ನಿಗೆ ‘ತೊಲೆಯಂತ್ರ’ ಎಂದು ಸೂಚಿಸಿದವರು ಯಂತ್ರದ ಕೆಲಸವನ್ನು ಗಮನಿಸಿದಂತಿಲ್ಲ. ತೊಲೆ ಮಾಡಿನ ಭಾರ ಹೊತ್ತು ಅಲುಗದೆ ಇರುವಂಥದ್ದು. ಗ್ರ್ಯಾಂಡ್ ಜಂಕ್ಷನ್ ವಾಟರ್‌ವರ್ಕ್ಸ್ ಕಂಪನಿ ಪಶ್ಚಿಮ ಲಂಡನ್ನಿನಲ್ಲಿ 1838ರಲ್ಲಿ ಆರಂಭಿಸಿದ ಈ ಸ್ಥಾವರದಲ್ಲಿ, 1846ರ 90 ಅಂಗುಲ ಸಿಲಿಂಡರಿನ ಕಾರ್ನಿಷ್ (ಕಾರ್ನ್ವಾಲ್ ಮಾದರಿಯ) ಎಂಜಿನ್ನಿನ ಬೀಮ್, ಅಂದರೆ ಆ ಉದ್ದ ದಂಡ, ನಡುವಿನ ಆಧಾರದ ಮೇಲೆ ತೂಗುತ್ತದೆ. ಹಬೆಯ ಬಲದಿಂದ ಒಂದು ತುದಿಯ ಪಿಸ್ಟನ್ ಕೆಳಗಿಳಿದಾಗ ಇನ್ನೊಂದು ತುದಿಯ ಭಾರ ಮೇಲೇಳುತ್ತದೆ. ಆ ಭಾರವೇ ತನ್ನ ತೂಕದಿಂದ ಇಳಿಯುತ್ತಾ ನೀರನ್ನು ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ಹಬೆ ನೇರವಾಗಿ ನೀರನ್ನು ಎತ್ತುವುದಿಲ್ಲವಾದ್ದರಿಂದ ‘ಏತ’ ಸಲ್ಲದೆಂಬ ವಾದವೂ ಇದೆ. ಅದು ನಿಲ್ಲುವುದಿಲ್ಲ. ಹಿಂದಿನ ತುದಿಗೆ ಕಲ್ಲು ಕಟ್ಟಿದ ಏತದಲ್ಲೂ ಆಳು ಬಲ ಹಾಕುವುದು ಬಾನಿಯನ್ನು ಬಾವಿಗಿಳಿಸಿ ಕಲ್ಲನ್ನು ಮೇಲೇರಿಸುವುದಕ್ಕೆ. ನೀರನ್ನು ಮೇಲೆ ತರುವುದು ಇಳಿಯುವ ಕಲ್ಲು. ಎರಡರ ತತ್ತ್ವವೂ ಒಂದೇ. ವಿದ್ಯುತ್ ಪಂಪುಗಳ ಯೋಜನೆಗಳನ್ನೇ ಸರ್ಕಾರ ‘ಏತ ನೀರಾವರಿ’ ಎಂದು ಕರೆಯುತ್ತಿರುವಾಗ, ನಿಜವಾಗಿಯೂ ಏತದಂತೆ ದುಡಿದ ಯಂತ್ರಕ್ಕೆ ಆ ಪದವನ್ನು ನಿರಾಕರಿಸುವುದು ನ್ಯಾಯವಲ್ಲ.

‘ಎತ್ತು’ವಿನಿಂದ ‘ಏತ’ ಬಂತೆಂಬ ವಿವರಣೆಯನ್ನೂ ಕೈಬಿಡಬೇಕು. ತಮಿಳಿನ ‘ಮಾಱ್ಱಂ’ಗೆ ನಮ್ಮ ‘ಮಾತು’ ಹೇಗೋ, ‘ಏಱ್ಱಂ’ಗೆ ನಮ್ಮ ‘ಏತ’ ಹಾಗೆ, ಧಾತು ‘ಏಱು’ (ಇಂದಿನ ‘ಏರು’).

‘ಎಂಜಿನ್’ ಉಳಿಸಿಕೊಂಡದ್ದಕ್ಕೆ ಅಚ್ಚಗನ್ನಡದವರು ಆಕ್ಷೇಪಿಸುವರೆಂದು ಬಲ್ಲೆ. ರೈಲಿನೊಡನೆ ಬಂದು ಹಳ್ಳಿಯವರ ಬಾಯಲ್ಲಿ ‘ಇಂಜಿನ್’ ಆಗಿ ನೆಲೆನಿಂತ ಪದವನ್ನು ಕಿತ್ತುಹಾಕುವುದರಿಂದ ಕನ್ನಡಕ್ಕೆ ಲಾಭವೇನೂ ಇಲ್ಲ.

ಇನ್ನು ತಮ್ಮ ಕರಡಿನ ‘ನದಿನೀರೆತ್ತುವ’ ಎಂಬ ವಿಶೇಷಣವನ್ನು ದಯವಿಟ್ಟು ತೆಗೆದುಹಾಕಿ. ಟೆಡಿಂಗ್ಟನ್ ಲಾಕ್ ಎಂಬ ನೀರುಗಟ್ಟೆಯಿಂದ ಕೆಳಗೆ, ಕ್ಯೂ ಬ್ರಿಡ್ಜ್ ಕೂಡ ಇರುವ, ಉಬ್ಬರವಿಳಿತಕ್ಕೊಳಗಾದ ಥೇಮ್ಸ್ ನದಿಯ ಭಾಗದಿಂದ ಮನೆಬಳಕೆಗೆ ನೀರು ತೆಗೆಯುವುದನ್ನು 1852ರ ಕಾಯಿದೆ ನಿಷೇಧಿಸಿದ್ದರಿಂದ, ಕಂಪನಿ 1855ರಿಂದ ಟೆಡಿಂಗ್ಟನ್ನಿಗಿಂತ ಮೇಲಿರುವ ಹ್ಯಾಂಪ್ಟನ್ನಿನಲ್ಲಿ ನೀರು ಪಡೆದು ಕ್ಯೂ ಬ್ರಿಡ್ಜ್‌ಗೆ ತರಿಸಿಕೊಂಡು, ಅಲ್ಲಿಂದ ನಗರಕ್ಕೆ ಕಳುಹಿಸುತ್ತಿತ್ತು. ಆ ಬಳಿಕ ಈ ಸ್ಥಾವರ ನೇರವಾಗಿ ನದಿಯಿಂದ ನೀರೆತ್ತಲಿಲ್ಲ.