ಪಾವು: ಹಳೆಯ ಅಡುಗೆ ಪುಸ್ತಕಗಳಲ್ಲಿ ಅಳತೆಯೋ, ತೂಕವೋ?

ಬಳಗದವರಿಗೆಲ್ಲ ನಮಸ್ಕಾರ.

ಹಳೆಯ ಕನ್ನಡ ಅಡುಗೆ ಪುಸ್ತಕಗಳಲ್ಲಿ ‘ಪಾವು’ ಎಂದು ಬಂದಾಗಲೆಲ್ಲ ಅದನ್ನು ಪಾತ್ರೆಯಲ್ಲಿ ಅಳೆಯುವ ಪಾವು ಎಂದೇ ತಿಳಿಯಬೇಕೇ, ಕೆಲವೆಡೆ ತೂಕ ಎಂದೂ ಹಿಡಿಯಬಹುದೇ? ಕಾಲು ಸೇರು ಎಂಬ ಅರ್ಥವೇನೋ ಎಲ್ಲರಿಗೂ ಗೊತ್ತು. ಆದರೆ ಸೇರಿನಲ್ಲೇ ಎರಡು ಬಗೆಯಿದೆ: ದವಸ ಅಳೆಯುವ ಸೇರು ಒಂದು, ತಕ್ಕಡಿಯ ಸೇರು ಇನ್ನೊಂದು. ತೂಕದ ಸೇರಿನಲ್ಲಿ ಮತ್ತೆ ಪಕ್ಕಾ ಸೇರು, ಕಚ್ಚಾ ಸೇರು ಎಂಬ ಭೇದ. ಪಕ್ಕಾ ಸೇರಿಗೆ 80 ತೊಲ, ಅಂದರೆ ಸುಮಾರು 933 ಗ್ರಾಂ. ಮೈಸೂರು ಸೀಮೆಯ ಕಚ್ಚಾ ಸೇರಿಗೆ 24 ತೊಲ ಮಾತ್ರ.

ಈ ಪ್ರಶ್ನೆಗೆ ಕಾರಣವಾದ ಪುಸ್ತಕ ನನಗೆ ಸಿಕ್ಕಿದ್ದು ಇಲ್ಲಿ ಮುಂಬಯಿಯಲ್ಲಿ, ಮಾಟುಂಗಾದ ಕಿಂಗ್ಸ್ ಸರ್ಕಲ್ ಬಳಿ, ಪಾದಚಾರಿ ಮಾರ್ಗದ ಹಳೆಯ ಪುಸ್ತಕದ ರಾಶಿಯಲ್ಲಿ. ರಟ್ಟೂ ಇಲ್ಲ, ಮೊದಲ ಪುಟಗಳೂ ಇಲ್ಲ. ಬರೆದವರು ಯಾರು, ಅಚ್ಚಾದದ್ದು ಎಂದು ಎಂಬುದು ತಿಳಿಯುವಂತಿಲ್ಲ. ಒಳಗೆ ಗ್ರಾಂ, ಲೀಟರುಗಳ ಸುಳಿವೇ ಇಲ್ಲ. ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಬಂದದ್ದರಿಂದ ಅದಕ್ಕೂ ಹಿಂದಿನ ಪುಸ್ತಕವಿರಬೇಕು. ಇಲ್ಲವೇ ಬರೆದವರು ಹೊಸ ಲೆಕ್ಕಕ್ಕೆ ಸೊಪ್ಪು ಹಾಕದವರು. ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ‘ಖಾರ ಜಾಸ್ತಿ’ ಎಂದು ಬರೆದಿಟ್ಟಿದ್ದಾರೆ. ಅಡುಗೆ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಮುನ್ನುಡಿ ಬೇಕಿಲ್ಲ.

ಬಿಸಿಬೇಳೆ ಬಾತಿಗೆ ಅದರಲ್ಲಿ ಹೇಳಿರುವುದು ಹೀಗೆ: ಅಕ್ಕಿ ಒಂದು ಪಾವು, ತೊಗರಿಬೇಳೆ ಮುಕ್ಕಾಲು ಪಾವು, ಕೊತ್ತಂಬರಿ ಬೀಜ ಎರಡು ತೊಲ, ಕೊಬ್ಬರಿ ತುರಿ ಕಾಲು ಪಾವು, ಹುಣಸೆಹಣ್ಣು ನಿಂಬೆ ಗಾತ್ರ, ಬೆಲ್ಲ ಅಡಕೆ ಗಾತ್ರ, ಇಂಗು ಕಡಲೆಕಾಳಿನಷ್ಟು. ಅಕ್ಕಿಗೂ ಬೇಳೆಗೂ ಒಂದೇ ಮಾನ ಇರುವುದರಿಂದ ಪಾವು ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಪ್ರಮಾಣ ಕೆಡುವುದಿಲ್ಲ. ತೊಡಕು ಬರುವುದು ಕೊತ್ತಂಬರಿಯಲ್ಲಿ. ತೊಲ ನಿಸ್ಸಂದೇಹವಾಗಿ ತೂಕ, ಸುಮಾರು 11.66 ಗ್ರಾಂ. ಒಂದೇ ಪಟ್ಟಿಯಲ್ಲಿ ತೊಲದ ಪಕ್ಕ ಪಾವು ಕೂತಾಗ ಅದೂ ತೂಕವೇ ಇರಬಹುದು ಎಂಬ ಅನುಮಾನ ಹುಟ್ಟುತ್ತದೆ. ಅಕ್ಕಿಯ ಮಟ್ಟಿಗೆ ಈ ಅನುಮಾನದಿಂದ ನಷ್ಟವಿಲ್ಲ. ನಮ್ಮ ಮನೆಯ ಹಿತ್ತಾಳೆ ಪಾವು ಕಾಲು ಲೀಟರಿನ ಆಸುಪಾಸಿನದು; ಅದರ ತುಂಬ ಅಕ್ಕಿ ಹಾಕಿ ತೂಗಿದರೆ ಪಕ್ಕಾ ಸೇರಿನ ಕಾಲು ಭಾಗಕ್ಕೆ, ಅಂದರೆ 233 ಗ್ರಾಮಿಗೆ, ತುಸು ಕಡಿಮೆ ಬರುತ್ತದೆ. ಕೊಬ್ಬರಿ ತುರಿಯ ಮಾತು ಬೇರೆ. ಪಾವಿನ ತುಂಬ ತುರಿ ಹಾಕಿದರೂ ಅದರ ಅರ್ಧದಷ್ಟು ತೂಗುವುದಿಲ್ಲ. ತೆಳು ಅವಲಕ್ಕಿಯಂತೂ ಕೇಳುವುದೇ ಬೇಡ.

ನನ್ನ ಊಹೆ ಇಷ್ಟು: ದವಸ, ತುರಿ, ಹಾಲು, ಎಣ್ಣೆಗಳಿಗೆ ಪಾತ್ರೆಯ ಪಾವು, ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿಗಳಿಗೆ ಅಂಗಡಿಯಲ್ಲಿ ತೂಗಿ ತಂದ ಲೆಕ್ಕ. ಹಾಗಿದ್ದರೆ ಹೋಳಿಗೆಯ ಹೂರಣಕ್ಕೆ ‘ಕಡಲೆಬೇಳೆ ಒಂದು ಪಾವು, ಬೆಲ್ಲ ಒಂದು ಪಾವು’ ಎಂದಾಗ ಒಂದೇ ಸಾಲಿನಲ್ಲಿ ಎರಡು ಪಾವುಗಳು ಬಂದಂತಾಗುತ್ತದೆ. ಬೆಲ್ಲಕ್ಕೆ ಕಚ್ಚಾ ಸೇರಿನ ಲೆಕ್ಕ ಹಿಡಿದರೆ ಬರುವುದು ಆರು ತೊಲ, ಎಪ್ಪತ್ತು ಗ್ರಾಂ! ಅಂಥ ಹೋಳಿಗೆಯನ್ನು ಸಾರಿನಲ್ಲಿ ಅದ್ದಿ ತಿನ್ನಬೇಕಾದೀತು. ಹಳೆ ಮೈಸೂರಿನ ಕಡೆ ಮನೆಯಲ್ಲಿ ಬೆಲ್ಲವನ್ನು ಜಜ್ಜಿ ಪಾವಿನಲ್ಲೇ ಅಳೆಯುತ್ತಿದ್ದರೇ? ನೋಡಿ ಬಲ್ಲವರು ತಿಳಿಸಬೇಕು.

ಮುಂಬಯಿಯಲ್ಲಿ ಈ ಗೊಂದಲಕ್ಕೆ ಇನ್ನಷ್ಟು ಒಗ್ಗರಣೆ ಬೀಳುತ್ತದೆ. ಇಲ್ಲಿ ತರಕಾರಿಯವನು ‘ಪಾವ್ ಕಿಲೋ’ ಎಂದರೆ 250 ಗ್ರಾಂ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕನ್ನಡ ಪುಸ್ತಕದ ಪಾವನ್ನೂ ಹಾಗೆಯೇ ಓದುತ್ತಾರೆ. ಅವರ ತಪ್ಪೇನಿಲ್ಲ, ಎರಡೂ ಕಾಲು ಭಾಗವೇ. ವಡಾ ಪಾವಿನ ಪಾವ್ ಮಾತ್ರ ಪೋರ್ಚುಗೀಸರ ಬ್ರೆಡ್ಡಿನ ಹೆಸರು. ಅದಕ್ಕೂ ಇದಕ್ಕೂ ನಂಟಿಲ್ಲ.

ಮರಾಠಿ ಅಡುಗೆ ಪುಸ್ತಕಗಳು ಈ ವಿಷಯದಲ್ಲಿ ಮೇಲು ಎನಿಸುತ್ತದೆ. 1970ರಲ್ಲಿ ಬಂದ ಕಮಲಾಬಾಯಿ ಓಗಲೆಯವರ ‘ರುಚಿರಾ’ ನಮ್ಮ ಪಕ್ಕದ ಮನೆಯಲ್ಲಿದೆ. ತಕ್ಕಡಿಯ ಗೊಡವೆಯಿಲ್ಲದೆ ಮನೆಯ ವಾಟಿ, ಚಮಚಗಳಲ್ಲೇ ಲೆಕ್ಕ ಹೇಳುವ ಪುಸ್ತಕ. ಧಾರವಾಡದ ಕಡೆಯವರಿಗೆ ವಾಟಿ ಗೊತ್ತು, ನಮ್ಮಂಥವರಿಗೆ ಬಟ್ಟಲು. ಅಡುಗೆ ಪುಸ್ತಕ ಕೊಳ್ಳುವಾಗ ನಾನು ಚಿತ್ರ ನೋಡುವುದಿಲ್ಲ, ಮೊದಲು ಅಳತೆಯ ಪುಟ ಹುಡುಕುತ್ತೇನೆ. ಅದಿಲ್ಲದ ಪುಸ್ತಕ ಓದಿ ಸುಖಪಡಲಿಕ್ಕೆ ಸರಿ, ಒಲೆಯ ಮುಂದೆ ಇಟ್ಟುಕೊಳ್ಳಲಿಕ್ಕಲ್ಲ. ಹೊಳೆಯುವ ಹಾಳೆಯ ಈಚಿನ ಪುಸ್ತಕಗಳು ಒಂದೊಂದು ಪುಟಕ್ಕೂ ಬಣ್ಣದ ಚಿತ್ರ ಹಾಕಿ, ‘ಒಂದು ಕಪ್’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತವೆ. ಚಹಾದ ಕಪ್ಪೋ, ಅಳತೆಯ ಕಪ್ಪೋ? ಅವರಿಗಿಂತ ಅಡಕೆ ಗಾತ್ರದ ಬೆಲ್ಲವೇ ಖಚಿತ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ. ಅಳತೆಯ ಬಾಯಿಯ ಮೇಲೆ ಗೋಪುರದಂತೆ ನಿಲ್ಲುವ ಭಾಗಕ್ಕೆ ಮರಾಠಿಯಲ್ಲಿ ‘ಶೀಗ’ ಎನ್ನುತ್ತಾರೆ. ತುಂಬಿ ಮೇಲೆದ್ದು ನಿಂತಿದ್ದರೆ ‘ಶಿಗೋಶೀಗ’. ನನ್ನ ಪುಸ್ತಕದಲ್ಲಿ ಒಂದೆಡೆ ‘ತುಂಬು ಪಾವು’, ಇನ್ನೊಂದೆಡೆ ಬರೀ ‘ಪಾವು’ ಎಂದಿದೆ. ತುಂಬು ಪಾವು ಎಂದರೆ ಗೋಪುರ ಸಮೇತವೋ, ಕಂಠದವರೆಗೆ ತುಂಬಿ ಕೈಯಿಂದ ಸವರಿದ್ದೋ? ಚಕ್ಕುಲಿಯ ಹಿಟ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ. ನಿಮ್ಮ ನಿಮ್ಮ ಸೀಮೆಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತುಗಳಿದ್ದರೆ, ಊರಿನ ಹೆಸರಿನೊಡನೆ ಬರೆದು ತಿಳಿಸಿ.