ಸ್ವಗತ, ಪ್ರವೇಶ, ಸಾರಥಿ: ಶಾಲಾ ಮಕ್ಕಳ ನಾಟಕ ಪದಪಟ್ಟಿಗಾಗಿ ಕೆಲವು ಪ್ರಶ್ನೆಗಳು

ಮಾನ್ಯರೆ,

ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು ಎಂಟರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗಾಗಿ ನಾಟಕದ ಪದಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಪಠ್ಯದಲ್ಲಿ ನಾಟಕದ ಭಾಗವನ್ನು ಓದುವಾಗಲೂ ವಾರ್ಷಿಕೋತ್ಸವಕ್ಕೆ ನಾಟಕ ಕಟ್ಟುವಾಗಲೂ ಅದು ಅವರ ಕೈಗೆ ಒದಗಬೇಕು. ಹೆಚ್ಚಿನ ಪದಗಳಲ್ಲಿ ತೊಡಕಿಲ್ಲ. ಕೆಲವೆಡೆ ಮಾತ್ರ ಒಂದೇ ಪದ ಎರಡು ಬೇರೆ ಸಂಗತಿಗಳಿಗೆ ಅಂಟಿಕೊಂಡಿದೆ. ಇನ್ನು ಕೆಲವೆಡೆ ನಮ್ಮ ಸೀಮೆಯ ಬಯಲಾಟವಾದ ದೊಡ್ಡಾಟದ ಮಾತಿಗೂ ಪುಸ್ತಕದ ಮಾತಿಗೂ ತಾಳೆಯಾಗುತ್ತಿಲ್ಲ. ಅಂಥವನ್ನಷ್ಟೇ ಇಲ್ಲಿ ಮುಂದಿಡುತ್ತೇನೆ.

ಎಲ್ಲಕ್ಕಿಂತ ಹೆಚ್ಚು ತೊಡಕಾಗಿರುವುದು ‘ಸ್ವಗತ’. ರಂಗದ ಮೇಲೆ ಒಬ್ಬನೇ ನಿಂತು ತನ್ನ ಮನಸ್ಸನ್ನು ತೋಡಿಕೊಳ್ಳುವ ದೀರ್ಘ ಮಾತಿಗೂ, ಇತರ ಪಾತ್ರಗಳು ಪಕ್ಕದಲ್ಲಿರುವಾಗಲೇ ಅವರಿಗೆ ಕೇಳಿಸದಂತೆ ಆಡಿಕೊಳ್ಳುವ ಒಂದೆರಡು ವಾಕ್ಯಗಳಿಗೂ ನಾವು ಸ್ವಗತವೆಂದೇ ಹೇಳುತ್ತೇವೆ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವೊಂದರಲ್ಲೇ ಈ ಎರಡಕ್ಕೂ ಸ್ಪಷ್ಟ ಉದಾಹರಣೆಗಳಿವೆ. ಮೊದಲನೆಯ ಅಂಕದ ಮೂರನೆಯ ದೃಶ್ಯದಲ್ಲಿ, ಮಾಟಗಾತಿಯರ ನುಡಿಯಲ್ಲಿ ಒಂದು ಪಾಲು ನಿಜವಾಯಿತೆಂದು ತಿಳಿದೊಡನೆ, ಮ್ಯಾಕ್‌ಬೆತ್ ಬ್ಯಾಂಕೋ ಮೊದಲಾದವರು ಎದುರಿಗಿರುವಾಗಲೇ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾನೆ. ಅವನು ಯೋಚನೆಯಲ್ಲಿ ಮುಳುಗಿರುವುದನ್ನು ಬ್ಯಾಂಕೋ ಗಮನಿಸುತ್ತಾನೆಯೇ ಹೊರತು ಮಾತು ಅವನ ಕಿವಿಗೆ ಬೀಳುವುದಿಲ್ಲ. ಎರಡನೆಯ ಅಂಕದ ಮೊದಲ ದೃಶ್ಯದಲ್ಲಾದರೋ ಎಲ್ಲರೂ ಹೋದ ಮೇಲೆ, ಗಾಳಿಯಲ್ಲಿ ಕಠಾರಿಯೊಂದನ್ನು ಕಂಡಂತಾಗಿ, ಅವನು ಒಬ್ಬನೇ ಮಾತಾಡುತ್ತಾನೆ. ನಟಿಸುವ ಹುಡುಗನಿಗೆ ಇವೆರಡೂ ಬೇರೆ ಬೇರೆ ಕೆಲಸಗಳು. ಮೊದಲನೆಯದರಲ್ಲಿ ಜೊತೆಯ ನಟರಿಂದ ಮುಖ ಹೊರಳಿಸಿ, ದನಿಯನ್ನು ಬದಲಿಸಿ, ಮತ್ತೆ ತಕ್ಷಣ ಸಂಭಾಷಣೆಗೆ ಮರಳಬೇಕು. ಎರಡನೆಯದರಲ್ಲಿ ಇಡೀ ರಂಗವೇ ಅವನದು.

ಸಂಸ್ಕೃತ ನಾಟಕದ ಪರಿಭಾಷೆ ಈ ವಿಷಯದಲ್ಲಿ ನಮಗಿಂತ ನಿಖರವಾಗಿದೆ. ರಂಗದ ಮೇಲಿರುವ ಯಾರಿಗೂ ಕೇಳಿಸದ ಮಾತು ಸ್ವಗತ ಅಥವಾ ಆತ್ಮಗತ. ಎಲ್ಲರಿಗೂ ಕೇಳಿಸುವುದು ಪ್ರಕಾಶ. ಮೂರು ಬೆರಳೆತ್ತಿದ ತ್ರಿಪತಾಕ ಹಸ್ತವನ್ನು ಮರೆ ಹಿಡಿದು, ಉಳಿದವರಿಗೆ ಕೇಳಿಸದಂತೆ ತಮ್ಮತಮ್ಮಲ್ಲೇ ಆಡಿಕೊಳ್ಳುವುದು ಜನಾಂತಿಕ. ಅತ್ತ ತಿರುಗಿ ಒಬ್ಬನಿಗಷ್ಟೇ ಗುಟ್ಟು ಹೇಳುವುದು ಅಪವಾರಿತ. ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತ ಎದುರಿಗಿರುವಾಗಲೇ ಗೆಳತಿಯರಿಬ್ಬರು ಶಕುಂತಲೆಯನ್ನು ಛೇಡಿಸುವುದು ಜನಾಂತಿಕದಲ್ಲಿ. ಈ ಲೆಕ್ಕದಲ್ಲಿ ‘ಸ್ವಗತ’ ಎಂಬುದು ಇತರರು ರಂಗದಲ್ಲಿರುವಾಗಿನ ಮಾತಿಗೇ ಹೆಚ್ಚು ಒಪ್ಪುತ್ತದೆ. ಏಕೆಂದರೆ ‘ತನ್ನಷ್ಟಕ್ಕೆ’ ಎಂಬ ಸೂಚನೆ ಬೇಕಾಗುವುದು ಕೇಳುವವರು ಪಕ್ಕದಲ್ಲಿದ್ದಾಗ ತಾನೇ? ಆದರೆ ಇಂದಿನ ಕನ್ನಡದ ಬಳಕೆ ಇದಕ್ಕೆ ತಿರುವುಮುರುವಾಗಿದೆ. ಸ್ವಗತವೆಂದೊಡನೆ ಓದುಗರ ಕಣ್ಣಿಗೆ ಬರುವುದು ಒಂಟಿಯಾಗಿ ನಿಂತ ನಾಯಕನೇ. ರೂಢಿಗೆ ಬಂದ ಅರ್ಥವನ್ನು ಮಕ್ಕಳ ಪಟ್ಟಿಯೊಂದರಿಂದ ತಿದ್ದಲು ಹೊರಡುವುದು ತರವಲ್ಲವೆಂದು ನನ್ನ ಅಭಿಪ್ರಾಯ. ಆದ್ದರಿಂದ ದೀರ್ಘವಾದ ಒಂಟಿ ಮಾತಿಗೆ ‘ಸ್ವಗತ’ವನ್ನೇ ಉಳಿಸಿ, ಇನ್ನೊಂದಕ್ಕೆ ‘ಪಕ್ಕಮಾತು’ ಅಥವಾ ‘ಮರೆಮಾತು’ ಎಂದರೆ ಹೇಗೆ? ಎರಡರಲ್ಲಿ ‘ಮರೆಮಾತು’ ನನಗೆ ಹಿಡಿಸಿದೆ. ಇನ್ನೊಬ್ಬರ ಕಿವಿಗೆ ಮರೆಯಾಗಿ ಆಡಿದ್ದು ಎಂಬ ಭಾವ ಅದರಲ್ಲಿ ತಾನಾಗಿ ಬರುತ್ತದೆ. ಈಗಾಗಲೇ ಬಳಕೆಯಲ್ಲಿರುವ ಬೇರೆ ಪದವಿದ್ದರೆ ಹೊಸದನ್ನು ಹುಟ್ಟಿಸುವ ಆಸೆ ನನಗಿಲ್ಲ.

ಎರಡನೆಯ ತೊಡಕು ‘ಪ್ರವೇಶ’. ಹಳೆಯ ಮುದ್ರಿತ ನಾಟಕಗಳಲ್ಲಿ ‘ಎರಡನೆಯ ಅಂಕ, ಮೂರನೆಯ ಪ್ರವೇಶ’ ಎಂದಿರುತ್ತದೆ. ಅದರ ಕೆಳಗೇ ಕಂಸದಲ್ಲಿ ‘ಭೀಮನ ಪ್ರವೇಶ’ ಎಂದಿರುತ್ತದೆ. ಒಂದು ನಾಟಕದ ವಿಭಾಗ, ಇನ್ನೊಂದು ನಟನು ರಂಗಕ್ಕೆ ಬರುವ ಕ್ರಿಯೆ. ವಿಭಾಗಕ್ಕೆ ‘ದೃಶ್ಯ’ ಎಂದು ನಿಗದಿಪಡಿಸಿ, ‘ಪ್ರವೇಶ’ವನ್ನು ನಟನ ಬರವಿಗಷ್ಟೇ ಇಟ್ಟುಕೊಂಡಿದ್ದೇನೆ, ಹಳೆಯ ಪ್ರತಿಗಳನ್ನು ಓದುವವರಿಗೆ ಅಡಿಯಲ್ಲೊಂದು ಸೂಚನೆ ಇರುತ್ತದೆ. ‘ಅಂಕ’ದ ಬಗ್ಗೆ ಮಕ್ಕಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಂಪನಿ ನಾಟಕಗಳ ‘ಅಂಕದ ಪರದೆ’ಯ ಮೂಲಕ ಆ ಪದ ಮನೆಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ‘ಪರದೆ’ಗೆ ಮಾತ್ರ ಎರಡು ಅರ್ಥ ಬರೆದಿದ್ದೇನೆ: ನಾಟಕದಲ್ಲಿ ಅದು ರಂಗವನ್ನು ಮುಚ್ಚುತ್ತದೆ ಇಲ್ಲವೆ ಚಿತ್ರ ಬರೆದ ಹಿನ್ನೆಲೆಯಾಗುತ್ತದೆ, ತೊಗಲುಗೊಂಬೆ ಆಟದಲ್ಲಿ ಆಟವೆಲ್ಲ ನಡೆಯುವುದೇ ಅದರ ಮೇಲೆ. ನಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಗಿರುವಾಗ, ಇಲ್ಲಿಯ ಮಕ್ಕಳ ಪಟ್ಟಿಯಲ್ಲಿ ಆ ಅರ್ಥ ಬಿಟ್ಟುಹೋಗಬಾರದು.

ಇನ್ನು ‘ಸೂತ್ರಧಾರ’. ಮಾರ್ಗದರ್ಶಿ ಪುಸ್ತಕಗಳು ‘ಸೂತ್ರಧಾರ ಎಂದರೆ ಭಾಗವತ ಅಥವಾ ಸಾರಥಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಇದನ್ನು ನಾನು ಒಪ್ಪಲಾರೆ. ಸಂಸ್ಕೃತ ನಾಟಕದ ಸೂತ್ರಧಾರನು ಪ್ರಸ್ತಾವನೆಯಲ್ಲಿ ನಟಿಯೊಡನೆಯೋ ವಿದೂಷಕನೊಡನೆಯೋ ಬಂದು, ಕವಿಯನ್ನೂ ಕೃತಿಯನ್ನೂ ಪರಿಚಯಿಸಿ, ಕಥೆ ಮೊದಲಾಗುತ್ತಲೇ ಹೊರಟುಹೋಗುತ್ತಾನೆ. ದೊಡ್ಡಾಟದ ಭಾಗವತನು ಹಿಮ್ಮೇಳದೊಡನೆ ಕೊನೆಯವರೆಗೂ ನಿಂತು ಪದ ಹಾಡಿ ಆಟವನ್ನು ನಡೆಸುತ್ತಾನೆ. ಸಾರಥಿಯ ಕೆಲಸವೇ ಬೇರೆ: ಒಡ್ಡೋಲಗದಲ್ಲಿ, ಅಂದರೆ ರಂಗಕ್ಕೆ ಮೊದಲ ಸಲ ಕುಣಿದು ಬರುವಾಗ, ಬಂದ ಪಾತ್ರವನ್ನು ಮಾತಾಡಿಸಿ, ಊರು ಹೆಸರು ಪರಾಕ್ರಮಗಳನ್ನು ಅದರ ಬಾಯಿಂದಲೇ ಹೊರಡಿಸಿ, ನಡುನಡುವೆ ನಗಿಸುವವನು ಅವನು. ಪಾತ್ರವು ‘ಎಲೈ ಸಾರಥಿ’ ಎಂದು ಅವನನ್ನು ಕರೆದೇ ತನ್ನ ಕಥೆಯನ್ನು ಬಿಚ್ಚುತ್ತದೆ. ಉತ್ತರ ಕರ್ನಾಟಕದ ಸಣ್ಣಾಟವಾದ ಶ್ರೀಕೃಷ್ಣಪಾರಿಜಾತದಲ್ಲಿ ಈ ಮಾತಾಡಿಸುವ ಹೊಣೆಯಲ್ಲಿ ಭಾಗವತನ ಜೊತೆಗೆ ದೂತಿಗೂ ಪಾಲಿದೆ. ಸಾರಥಿಯನ್ನು ಕಣ್ಣಾರೆ ಕಂಡಿರುವ ನಮ್ಮ ಹಳ್ಳಿಯ ಮಕ್ಕಳಿಗೆ ಅವನು ಸೂತ್ರಧಾರನೆಂದು ಕಲಿಸಿದರೆ, ತಿಳಿದದ್ದನ್ನೂ ಮರೆಸಿದಂತಾಗುತ್ತದೆ. ಆದ್ದರಿಂದ ಮೂರಕ್ಕೂ ಬೇರೆ ಬೇರೆ ವಿವರಣೆ ಕೊಡುತ್ತಿದ್ದೇನೆ.

ಅಭಿನಯದ ನಾಲ್ಕು ಬಗೆಗಳಲ್ಲಿ ಆಂಗಿಕ, ವಾಚಿಕಗಳು ಸುಲಭವಾಗಿ ಅರ್ಥವಾಗುತ್ತವೆ. ‘ಆಹಾರ್ಯ’ವನ್ನು ಮಕ್ಕಳು ಆಹಾರಕ್ಕೆ ಸಂಬಂಧಿಸಿದ್ದೆಂದು ಓದಿಕೊಳ್ಳುತ್ತಾರೆ, ಬಣ್ಣ, ಉಡುಗೆ, ಕಿರೀಟ, ಭುಜಕೀರ್ತಿ ಎಂದು ದೊಡ್ಡಾಟದ ವೇಷವನ್ನೇ ತೋರಿಸಿದರೆ ಗೊಂದಲ ಕಳೆಯುತ್ತದೆ. ಹೆಚ್ಚು ತೊಂದರೆ ಕೊಡುವುದು ‘ಸಾತ್ತ್ವಿಕ’. ಸಾಧು ಸ್ವಭಾವದವರನ್ನು ಸಾತ್ವಿಕರೆನ್ನುವುದರಿಂದ, ಶಾಂತವಾಗಿ ನಟಿಸುವುದೇ ಸಾತ್ತ್ವಿಕಾಭಿನಯವೆಂದು ಮಕ್ಕಳು ಉತ್ತರ ಬರೆಯುತ್ತಾರೆ. ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ತ್ವಿಕ ಭಾವಗಳು ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಲಯ. ಬೆವರುವುದು, ನಡುಗುವುದು, ದನಿ ಒಡೆಯುವುದು, ಮೂರ್ಛೆ ಹೋಗುವುದು ಇವುಗಳಲ್ಲಿ ಶಾಂತಿ ಎಲ್ಲಿದೆ? ‘ಒಳಗಿನ ಭಾವ ಮೈಯಲ್ಲಿ ತಾನಾಗಿ ಕಾಣುವಂತೆ ಮಾಡುವ ಅಭಿನಯ’ ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕದಾದ, ಮಕ್ಕಳ ನಾಲಿಗೆಯಲ್ಲಿ ನಿಲ್ಲುವ ವಿವರಣೆ ಯಾರಿಗಾದರೂ ಹೊಳೆದರೆ ತಿಳಿಸಬೇಕು.

ರಂಗಸಜ್ಜಿಕೆ, ರಂಗಪರಿಕರ, ಪ್ರಸಾಧನ (ಬಣ್ಣ ಹಚ್ಚುವಿಕೆ), ನೇಪಥ್ಯ (ಪರದೆಯ ಹಿಂದಿನ ಜಾಗ) ಇವನ್ನು ಹಾಗೆಯೇ ಸೇರಿಸಿದ್ದೇನೆ. ‘ತಾಲೀಮು’ ಮೂಲತಃ ಅರಬ್ಬಿಯಿಂದ ಬಂದ, ಕಲಿಸುವಿಕೆ ಎಂಬ ಅರ್ಥದ ಮಾತು. ಗರಡಿಯಲ್ಲೂ ಆಟದ ಮನೆಯಲ್ಲೂ ಅದೇ ನಡೆಯುವಾಗ ‘ಪೂರ್ವಾಭ್ಯಾಸ’ವನ್ನು ಮುಂದೆ ಮಾಡುವ ಅಗತ್ಯ ನನಗೆ ಕಾಣಲಿಲ್ಲ. ‘ಪಾರ್ಟು’ ಎಂಬುದನ್ನು ‘ಪಾತ್ರ’ದ ಪಕ್ಕದಲ್ಲೇ ಕೊಟ್ಟಿದ್ದೇನೆ. ರಂಗದ ಎಡಬಲಗಳನ್ನು ಹೇಳುವಾಗ ‘ನಟನ ಬಲ’, ‘ನಟನ ಎಡ’ ಎಂದು ಪೂರ್ತಿಯಾಗಿ ಬರೆದಿದ್ದೇನೆ. ಬರಿದೆ ‘ಬಲಗಡೆ’ ಎಂದರೆ ನೋಡುವವರ ಬಲವೆಂದು ತಿಳಿದು ಮಕ್ಕಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ.

ಈ ಪತ್ರ ಓದುವ ಬಳ್ಳಾರಿಯವರಲ್ಲಿ ಒಂದು ವಿಶೇಷ ವಿನಂತಿ. ಹೆಸರಾಂತ ನಟ ಬಳ್ಳಾರಿ ರಾಘವರ (1880–1946) ಊರಿನಲ್ಲಿ ಕನ್ನಡ ಮತ್ತು ತೆಲುಗು ನಾಟಕಗಳು ಅಕ್ಕಪಕ್ಕದಲ್ಲೇ ಬೆಳೆದಿವೆ. 1953ರವರೆಗೆ ಆ ಜಿಲ್ಲೆ ಮದರಾಸಿಗೆ ಸೇರಿದ್ದಾಗ ರಾಯಚೂರು, ಕೊಪ್ಪಳಗಳು ಹೈದರಾಬಾದಿನ ಭಾಗವಾಗಿದ್ದವು. ಹೀಗಾಗಿ ರಂಗದ ಮಾತುಗಳಲ್ಲೂ ಎರಡು ಕಡೆಗೆ ವ್ಯತ್ಯಾಸವಿರಬಹುದು. ವೇಷ ಕಟ್ಟಿ ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ ಕರಾವಳಿಯ ಯಕ್ಷಗಾನದಲ್ಲಿ ‘ಚೌಕಿ’ ಎನ್ನುತ್ತಾರೆ, ಪುಸ್ತಕಗಳೂ ಅದನ್ನೇ ಎತ್ತಿಕೊಂಡಿವೆ. ನಿಮ್ಮೂರಿನ ದೊಡ್ಡಾಟದ ಮಾಸ್ತರರು ಅದಕ್ಕೆ ಏನೆನ್ನುತ್ತಾರೆ? ಪರದೆಯ ಹಿಂದೆ ನಿಂತು ಮರೆತ ಮಾತನ್ನು ನೆನಪಿಸಿಕೊಡುವವನನ್ನು ಏನೆಂದು ಕರೆಯುತ್ತಾರೆ? ಕೇಳಿದ ಪದವನ್ನು ಊರು ತಾಲ್ಲೂಕುಗಳ ಹೆಸರಿನೊಡನೆ, ಬಾಯಲ್ಲಿ ಆಡುವ ಹಾಗೆಯೇ ಬರೆದು ಕಳಿಸಿದರೆ, ಪಟ್ಟಿಯಲ್ಲಿ ಅದನ್ನು ‘ಚೌಕಿ’ಗಿಂತ ಮೊದಲು ಇಡುತ್ತೇನೆ.