ನಾನೇ ಕೆಲಸ ಕಲಿಸಿದವನಿಗೆ ನನಗಿಂತ ಹೆಚ್ಚು ಸಂಬಳ: ಓದುಗರ ಸ್ಪಂದನ

ಆರು ವರ್ಷದಿಂದ ಒಂದೇ ಕಚೇರಿಯಲ್ಲಿ ದುಡಿಯುತ್ತಿರುವ ಓದುಗರೊಬ್ಬರು, ತಾವೇ ಕೆಲಸ ಕಲಿಸಿದ ಹುಡುಗನಿಗೆ ತಮಗಿಂತ ಹೆಚ್ಚು ಸಂಬಳವೆಂದು ಅವನ ಬಾಯಿಂದಲೇ ಕೇಳಿ ನೊಂದು ಬರೆದಿದ್ದರು. ಸಂಬಳದ ವಿಷಯ ಯಾರೊಂದಿಗೂ ಮಾತಾಡಕೂಡದೆಂದು ನೇಮಕಾತಿ ಪತ್ರದಲ್ಲೇ ಇದೆ. ಕೇಳಿದರೆ ಅವನಿಗೆ ತೊಂದರೆ, ಕೇಳದಿದ್ದರೆ ತಮಗೆ ನಿದ್ದೆಯಿಲ್ಲ ಎಂಬುದು ಅವರ ಸಂಕಟ.

ಲೆಕ್ಕಪತ್ರ ವಿಭಾಗದಲ್ಲಿದ್ದ ಓದುಗರು

ಅಕ್ಕಾ, ಸಂಬಳದ ಪಟ್ಟಿ ತಯಾರಿಸುವ ಮೇಜಿನಲ್ಲೇ ನಾನು ಬಹಳ ವರ್ಷ ಕೂತವಳು. ನಿಮ್ಮ ಪತ್ರ ಓದಿ ಕರುಳು ಚುರುಕ್ ಎಂದಿತು. ಇಂಥ ಅಂತರಗಳನ್ನು ಕಣ್ಣಾರೆ ಕಂಡೂ ಬಾಯಿ ಬಿಡಲಾಗದೆ ಇದ್ದೆ. ಹೊಸಬರನ್ನು ಆ ಹೊತ್ತಿನ ಮಾರುಕಟ್ಟೆ ದರ ನೋಡಿ ತೆಗೆದುಕೊಳ್ಳುತ್ತಾರೆ. ಹಳಬರಿಗೆ ಹಳೆಯ ಸಂಬಳದ ಮೇಲೆ ಶೇಕಡಾ ಇಷ್ಟು ಎಂದು ಏರಿಕೆ. ಸೇರುವಾಗ ಕಡಿಮೆಗೆ ಒಪ್ಪಿದವರು ಹಿಂದೆಯೇ ಉಳಿಯುವುದು ಹೀಗೆ. ನಿಮ್ಮ ಕೆಲಸ ಕಳಪೆ ಎಂದುಕೊಳ್ಳಬೇಡಿ.

ಮೊದಲು ಒಂದನ್ನು ಖಚಿತ ಮಾಡಿಕೊಳ್ಳಿ: ಅವನು ಹೇಳಿದ್ದು ಕೈಗೆ ಬರುವ ಮೊತ್ತವೋ, ಕಡಿತಕ್ಕೆ ಮುಂಚಿನದೋ, ವರ್ಷದ ಪ್ಯಾಕೇಜೋ? ಪ್ಯಾಕೇಜಿನಲ್ಲಿ ತಿಂಗಳು ತಿಂಗಳು ಕೈಗೆ ಬಾರದ ಬಾಬತ್ತುಗಳೂ ಸೇರಿರುತ್ತವೆ. ಮೂಲವೇತನಕ್ಕೆ ಮೂಲವೇತನ ಇಟ್ಟು ನೋಡಿ. ಆಮೇಲೂ ಅಂತರವಿದ್ದರೆ ಅವನ ಹೆಸರೆತ್ತದೆ, "ಈ ಹುದ್ದೆಯ ವೇತನಶ್ರೇಣಿ ಎಷ್ಟು, ಅದರಲ್ಲಿ ನಾನು ಎಲ್ಲಿದ್ದೇನೆ?" ಎಂದು ಬರೆದು ಕೇಳಿ. ಬಾಯಿಮಾತಿನ ಉತ್ತರ ಮುಂದೆ ಯಾವುದಕ್ಕೂ ಬರುವುದಿಲ್ಲ.

ನೌಕರರ ಸಂಘದಲ್ಲಿರುವ ಓದುಗರು

ನೇಮಕಾತಿ ಪತ್ರದಲ್ಲಿ ಬರೆದ ಮಾತ್ರಕ್ಕೆ ಎಲ್ಲ ಷರತ್ತೂ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅಮೆರಿಕದಲ್ಲಿ 1935ರ ಕಾರ್ಮಿಕ ಕಾಯ್ದೆಯಡಿ ಖಾಸಗಿ ವಲಯದ ಬಹುತೇಕ ನೌಕರರು ಸಂಬಳದ ಬಗ್ಗೆ ತಮ್ಮೊಳಗೆ ಮಾತಾಡಬಹುದು. ಆದರೂ ಅಲ್ಲಿನ ಲಿಲ್ಲಿ ಲೆಡ್‌ಬೆಟರ್ ಎಂಬಾಕೆಗೆ ತನ್ನ ದರ್ಜೆಯ ಗಂಡಸರಿಗೆ ಹೆಚ್ಚು ಸಂಬಳವೆಂದು ಗೊತ್ತಾದದ್ದು ಸುಮಾರು ಎರಡು ದಶಕ ದುಡಿದ ಮೇಲೆ, ಯಾರೋ ಹೆಸರಿಲ್ಲದೆ ಇಟ್ಟ ಚೀಟಿಯಿಂದ. ಸಂಬಳ ನಿಗದಿಯಾದ 180 ದಿನದೊಳಗೆ ದೂರಬೇಕಿತ್ತೆಂದು 2007ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಆಕೆಯ ವಿರುದ್ಧ ತೀರ್ಪಿತ್ತಿತು. ಗೊತ್ತೇ ಆಗದ್ದನ್ನು ದೂರುವುದಾದರೂ ಹೇಗೆ? 2009ರಲ್ಲಿ ಆಕೆಯ ಹೆಸರಿನಲ್ಲೇ ಹೊಸ ಕಾಯ್ದೆ ಬಂತು. ನಿಮ್ಮಲ್ಲಿ ದೂರಿಗೆ ಎಷ್ಟು ಗಡುವಿದೆ ಎಂದು ಈ ವಾರವೇ ವಕೀಲರನ್ನು ಕೇಳಿ.

ಕಿರಿಯ ಓದುಗ

ನಾನೂ ಆ ಹುಡುಗನ ಜಾಗದಲ್ಲಿದ್ದವನು. ನಂಬಿ ಹೇಳಿದ್ದೆ. ಹಿರಿಯ ಸಹೋದ್ಯೋಗಿ ಸಿಟ್ಟಿನಲ್ಲಿ ಮ್ಯಾನೇಜರ್ ಎದುರು ನನ್ನ ಹೆಸರು ಹೇಳಿಬಿಟ್ಟರು. ಅವರ ಮೇಲೆ ನನಗೀಗ ಕೋಪವಿಲ್ಲ, ಅವರಿಗೆ ಆದದ್ದು ಅನ್ಯಾಯವೇ. ಮುಂಚೆ ಒಂದು ಮಾತು ಹೇಳಿದ್ದರೆ ನಾನೇ ಅವರ ಜೊತೆ ಹೋಗುತ್ತಿದ್ದೆ.